ಹಳೆಯ ಗ್ರಹಣದ ಲೆಕ್ಕ ಪಶ್ಚಿಮಕ್ಕೆ ಸರಿಯುತ್ತಿದೆ, ಎಲ್ಲಿ ತಪ್ಪಿದೆ?

ಬೆಳದಿಂಗಳು:
ನಮಸ್ಕಾರ. ಸೂರ್ಯಗ್ರಹಣದ ನೆರಳು ಎಲ್ಲೆಲ್ಲಿ ಹಾಯುತ್ತದೆ ಎಂದು ತೋರಿಸುವ ಪ್ರೋಗ್ರಾಂ ಒಂದನ್ನು ಪೈಥಾನ್‌ನಲ್ಲಿ ಬರೆದಿದ್ದೇನೆ. 2019ರ ಡಿಸೆಂಬರ್ 26ರ ಕಂಕಣ ಗ್ರಹಣ ಮಂಗಳೂರಿನ ಮೇಲೆ ಸರಿಯಾಗಿ ಬರುತ್ತದೆ. 1980ರ ಫೆಬ್ರವರಿ 16ರ ಖಗ್ರಾಸವೂ ಅಂಕೋಲಾ, ರಾಯಚೂರು ದಾಟಿಯೇ ಹೋಗುತ್ತದೆ. ಕೈಕೊಡುತ್ತಿರುವುದು ಕ್ರಿ.ಪೂ. 136ರ ಏಪ್ರಿಲ್ 15ರ ಖಗ್ರಾಸ. ಅದನ್ನು ಬ್ಯಾಬಿಲಾನ್‌ನಲ್ಲಿ (ಈಗಿನ ಇರಾಕ್) ನೋಡಿ ಮಣ್ಣಿನ ಫಲಕದ ಮೇಲೆ ಬರೆದಿಟ್ಟಿದ್ದಾರೆ. ನನ್ನ ನಕ್ಷೆಯಲ್ಲಿ ಮಾತ್ರ ನೆರಳು 40 ಡಿಗ್ರಿಗೂ ಜಾಸ್ತಿ ಪಶ್ಚಿಮಕ್ಕೆ, ಸ್ಪೇನ್ ಕಡೆಗೆ ಬೀಳುತ್ತಿದೆ. ಖಗೋಳ ಲೆಕ್ಕದಲ್ಲಿ ಸೊನ್ನೆ ವರ್ಷವೂ ಇರುವುದರಿಂದ ವರ್ಷ −135 ಎಂದೇ ಕೊಟ್ಟಿದ್ದೇನೆ, ಜೂಲಿಯನ್ ಕ್ಯಾಲೆಂಡರೇ ಇದೆ. ಡೆಲ್ಟಾ ಟಿ ಎಲ್ಲ ವರ್ಷಕ್ಕೂ 69 ಸೆಕೆಂಡ್.

ಕಡಲತಡಿ:
ಆ 69 ಸೆಕೆಂಡೇ ಕಾರಣ. ಅದು ಈಗಿನ ಕಾಲದ ಬೆಲೆ. ಒಂದೇ ಸಮನೆ ಓಡುವ ಗಡಿಯಾರಕ್ಕೂ ಭೂಮಿಯ ತಿರುಗಾಟ ನೋಡಿ ಹೇಳುವ ಸಮಯಕ್ಕೂ ಇರುವ ಅಂತರವೇ ಡೆಲ್ಟಾ ಟಿ. ಭೂಮಿಯಂತೂ ಒಂದೇ ವೇಗದಲ್ಲಿ ತಿರುಗುವುದಿಲ್ಲ. ಉಬ್ಬರವಿಳಿತ ಅದಕ್ಕೆ ಬ್ರೇಕ್ ಹಾಕುತ್ತಲೇ ಇದೆ.

ಚಂದ್ರನ ಸೆಳೆತಕ್ಕೆ ಕಡಲು ಉಬ್ಬುತ್ತದೆ. ಚಂದ್ರ ಒಂದು ಸುತ್ತು ಬರಲು 27 ದಿನ ಬೇಕು, ಭೂಮಿಗೆ ಒಂದೇ ದಿನ. ನೀರಿಗೂ ನೆಲಕ್ಕೂ ತಿಕ್ಕಾಟ ಇರುವುದರಿಂದ ಆ ಉಬ್ಬು, ಒಟ್ಟಾರೆ ನೋಡಿದರೆ, ಚಂದ್ರನ ನೇರಕ್ಕೆ ನಿಲ್ಲದೆ ಸ್ವಲ್ಪ ಮುಂದಿರುತ್ತದೆ. ಚಂದ್ರ ಅದನ್ನು ಹಿಂದಕ್ಕೆ ಎಳೆಯುತ್ತಾನೆ, ಭೂಮಿ ನಿಧಾನವಾಗುತ್ತದೆ. ಉಬ್ಬು ಚಂದ್ರನನ್ನು ಮುಂದಕ್ಕೆ ಎಳೆಯುತ್ತದೆ, ಅವನು ದೂರ ಸರಿಯುತ್ತಾನೆ. ವರ್ಷಕ್ಕೆ 3.8 ಸೆಂ.ಮೀ. ಅಪೊಲೊ ಯಾತ್ರಿಗಳು ಇಟ್ಟುಬಂದ ಕನ್ನಡಿಗಳಿಗೆ ಲೇಸರ್ ಬಿಟ್ಟು ಅಳೆದ ಲೆಕ್ಕ ಇದು.

ಬರೀ ಉಬ್ಬರವಿಳಿತದಿಂದ ದಿನ ಶತಮಾನಕ್ಕೆ 2.3 ಮಿಲಿಸೆಕೆಂಡ್ ಉದ್ದವಾಗಬೇಕು. ಹಿಮಯುಗದ ಮಂಜುಗಡ್ಡೆಯ ಭಾರ ಕಳೆದು ನೆಲ ಇನ್ನೂ ಮೇಲೇಳುತ್ತಿದೆ. ಅಂಥ ಕಾರಣಗಳಿಂದ ನಿಜವಾಗಿ ಆಗುತ್ತಿರುವುದು 1.7-1.8. ಇಷ್ಟು ಸಣ್ಣದು ಹೇಗೆ ಅಷ್ಟು ದೂರ ತಳ್ಳಿತು ಅಂತೀರಾ? ದಿನದಿನದ ವ್ಯತ್ಯಾಸ ಕೂಡುತ್ತಾ ಹೋಗುತ್ತದೆ. ನಿಮ್ಮ ಗ್ರಹಣದಿಂದ ಈಚೆಗೆ 7 ಲಕ್ಷಕ್ಕೂ ಜಾಸ್ತಿ ದಿನ ಕಳೆದಿವೆ. ಆಗಿನ ದಿನ ಸುಮಾರು 34 ಮಿಲಿಸೆಕೆಂಡ್ ಚಿಕ್ಕದಿತ್ತು, ಆ ವ್ಯತ್ಯಾಸ ಕರಗುತ್ತಾ ಬಂದಿದೆ. ದಿನಕ್ಕೆ ಸರಾಸರಿ ಅದರ ಅರ್ಧ, 17 ಮಿಲಿಸೆಕೆಂಡ್ ಎಂದರೂ ಒಟ್ಟು 12,000 ಸೆಕೆಂಡ್, ಅಂದರೆ 3 ಗಂಟೆ 20 ನಿಮಿಷ. ಭೂಮಿ ತಿರುಗುವುದು ಗಂಟೆಗೆ 15 ಡಿಗ್ರಿ ಅಲ್ವಾ!

ಸದ್ಯಕ್ಕೆ ಹೀಗೆ ಹಾಕಿ ನೋಡಿ: ಡೆಲ್ಟಾ ಟಿ = −20 + 32 × ಟಿ × ಟಿ. ಇಲ್ಲಿ ಟಿ = (ವರ್ಷ − 1820) / 100.

ಬೆಳದಿಂಗಳು:
ತುಂಬಾ ಥ್ಯಾಂಕ್ಸ್ ಸರ್, ನೆರಳು ಇರಾಕ್ ಕಡೆಗೆ ಬಂತು. ಆದರೆ ಈಗ ಕೆಲವು ಡಿಗ್ರಿ ಪೂರ್ವಕ್ಕೆ ದಾಟಿಹೋಗಿದೆ. ಡೆಲ್ಟಾ ಟಿಯ ಸಿದ್ಧ ಕೋಷ್ಟಕದ ಬೆಲೆ ಹಾಕಿದರೂ ಪೂರ್ತಿ ಸರಿಹೋಗಲಿಲ್ಲ. ಚಂದ್ರನ ಸ್ಥಾನಕ್ಕೆ ಇಎಲ್‌ಪಿ 2000-82 ಎಂಬ ಸಿದ್ಧ ಸೂತ್ರಗಳನ್ನು ಬಳಸಿದ್ದೇನೆ.

ಕಡಲತಡಿ:
ಹಾಗಾದರೆ ಉಳಿದದ್ದು ಚಂದ್ರನ ಕಡೆಯ ಲೆಕ್ಕ. ದೂರ ಸರಿದಷ್ಟೂ ಅವನ ಓಟ ನಿಧಾನವಾಗುತ್ತದೆ. ಈ ನಿಧಾನಗತಿಗೆ ಇಎಲ್‌ಪಿ 2000-82ರಲ್ಲಿ −23.8946 ಎಂಬ ಬೆಲೆ ಇದೆ (ಆರ್ಕ್‌ಸೆಕೆಂಡ್ / ಶತಮಾನ², ಆರ್ಕ್‌ಸೆಕೆಂಡ್ ಎಂದರೆ ಡಿಗ್ರಿಯ 3600ರಲ್ಲಿ ಒಂದು ಪಾಲು). ಲೇಸರ್ ಅಳತೆ −25.8ರ ಆಸುಪಾಸು. ಡೆಲ್ಟಾ ಟಿ ಕೋಷ್ಟಕಗಳು ಸಾಮಾನ್ಯವಾಗಿ −26 ಇಟ್ಟುಕೊಂಡು ಮಾಡಿದವು. ಎರಡೂ ಕಡೆ ಒಂದೇ ಬೆಲೆ ಇರಲೇಬೇಕು, ಇಲ್ಲದಿದ್ದರೆ ಹಳೆಯ ಗ್ರಹಣ ಕೂಡಿಬರುವುದಿಲ್ಲ.

ಡೆಲ್ಟಾ ಟಿಗೆ ಇದನ್ನು ಸೇರಿಸಿ: −0.91072 × (−23.8946 + 26) × ಯು × ಯು. ಯು = (ವರ್ಷ − 1955) / 100. ನಿಮ್ಮ ವರ್ಷಕ್ಕೆ ಸುಮಾರು −840 ಸೆಕೆಂಡ್ ಬರುತ್ತದೆ, ಅಂದರೆ ಮೂರೂವರೆ ಡಿಗ್ರಿ ವಾಪಸ್ ಪಶ್ಚಿಮಕ್ಕೆ. ಕೋಷ್ಟಕದ ಬೆಲೆಯ ಜೊತೆಗೇ ಸೇರಿಸಿ, ನಾನು ಮೊದಲು ಕೊಟ್ಟ ಸೂತ್ರ ಸ್ವಲ್ಪ ಒರಟು.

ಆಮೇಲೆ ಬ್ಯಾಬಿಲಾನ್‌ನಲ್ಲಿ ಗ್ರಹಣ ಹಿಡಿಯುವ ಹೊತ್ತನ್ನೂ ಪ್ರಿಂಟ್ ಮಾಡಿಸಿ. ಫಲಕದ ಪ್ರಕಾರ ಅದು ಸೂರ್ಯ ಹುಟ್ಟಿ ಸುಮಾರು ಒಂದೂವರೆ ಗಂಟೆಗೆ ಶುರುವಾಗಿದೆ.