ಪದಚರ್ಚೆ: ‘ಶ್ರಮಣ ಚಳವಳಿಗಳು’ ಎಂಬ ತಲೆಬರಹ ಸರಿಯೇ?

ಪ್ರಶ್ನೆ:
ಮಾನ್ಯರೇ, ಮಗಧದ ಕುರಿತ ಪ್ರದರ್ಶನವೊಂದಕ್ಕೆ ಕನ್ನಡ ಫಲಕಗಳನ್ನು ಬರೆಯುತ್ತಿದ್ದೇನೆ. ಕ್ರಿ.ಪೂ. 6–5ನೆಯ ಶತಮಾನಗಳಲ್ಲಿ ಮನೆಮಾರು ತೊರೆದು, ಭಿಕ್ಷೆಯಿಂದ ಬದುಕುತ್ತ, ವೇದಪ್ರಾಮಾಣ್ಯವನ್ನು ಒಪ್ಪದೆ ಬೋಧಿಸಿದ ಗುಂಪುಗಳನ್ನೆಲ್ಲ ಸೇರಿಸಿ ‘ಶ್ರಮಣ ಚಳವಳಿಗಳು’ ಎಂದು ಬರೆದಿದ್ದೆ. ಕರಡು ನೋಡಿದವರು ‘ಇದು ಕಾರ್ಮಿಕರ ಚಳವಳಿಯೇ?’ ಎಂದು ಕೇಳಿ, ‘ಸನ್ಯಾಸಿ ಪಂಥಗಳು’ ಅಥವಾ ‘ತಪಸ್ವಿ ಪಂಥಗಳು’ ಎಂದು ಮಾಡಲು ಸೂಚಿಸಿದ್ದಾರೆ. ತಲೆಬರಹದ ಕೆಳಗೆ ಬಿಹಾರದ ಬರಾಬರ್ ಗುಹೆಗಳ ಚಿತ್ರವಿದೆ. ಫಲಕ ನಾಳೆ ಅಚ್ಚಿಗೆ ಹೋಗುವುದರಿಂದ ಬೇಗ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1:
ಕನ್ನಡದಲ್ಲಿ ‘ಸವಣ’ ಇರುವಾಗ ಈ ಪ್ರಶ್ನೆಯೇ ಏಳಬಾರದು. ಕುಮಾರ ಕುವರನಾದಂತೆ ಪ್ರಾಕೃತದ ಸಮಣ ನಮ್ಮಲ್ಲಿ ಸವಣನಾದ. ಶ್ರವಣಬೆಳಗೊಳದ ‘ಶ್ರವಣ’ವೂ ಇದೇ ಪದ, ಅದಕ್ಕೂ ಕಿವಿಗೂ ಸಂಬಂಧವಿಲ್ಲ. ಒತ್ತಕ್ಷರ ಹೊತ್ತು ತಿರುಗುವುದು ಪಂಡಿತರ ಚಾಳಿಯೇ ಹೊರತು ಕನ್ನಡದ ಅಗತ್ಯವಲ್ಲ. ‘ಸವಣ ಪಂಥಗಳು’ ಎಂದು ಬರೆಯಿರಿ.

ಉತ್ತರ 2:
ವ್ಯುತ್ಪತ್ತಿ ಸರಿ, ಸಲಹೆ ತಪ್ಪು. ಕನ್ನಡದಲ್ಲಿ ಸವಣನೆಂದರೆ ಜೈನ ಮುನಿ, ವಚನಗಳಲ್ಲಿಯೂ ಹಾಗೆಯೇ. ಬರಾಬರ್ ಗುಹೆಗಳಲ್ಲಿ ಎರಡನ್ನು ಅಶೋಕನು ಪಟ್ಟಾಭಿಷೇಕವಾಗಿ 12 ವರ್ಷಗಳಾದಾಗ ಶ್ರಮಣರಲ್ಲೇ ಬೇರೊಂದು ಪಂಥದವರಾದ ಆಜೀವಿಕರಿಗೆ ಕೊಟ್ಟನೆಂದು ಅಲ್ಲಿಯ ಶಾಸನಗಳೇ ಹೇಳುತ್ತವೆ. ಆ ಚಿತ್ರದ ಮೇಲೆ ‘ಸವಣ’ ಎಂದಿದ್ದರೆ ನೋಡುವವರು ಅದನ್ನು ಬಸದಿಯೆಂದೇ ತಿಳಿಯುತ್ತಾರೆ. ‘ಸನ್ಯಾಸಿ’ ಎಂದೊಡನೆ ಧರ್ಮಶಾಸ್ತ್ರಗಳ ನಾಲ್ಕನೆಯ ಆಶ್ರಮ ನೆನಪಾಗುವುದರಿಂದ ಅದು ಬೇಡ. ಬುದ್ಧನು ಉಗ್ರ ತಪಸ್ಸನ್ನು ಮಾಡಿ ನೋಡಿ ಕೈಬಿಟ್ಟವನಾದ್ದರಿಂದ ‘ತಪಸ್ವಿ’ಯೂ ಸಲ್ಲದು.

ಪಾಲಿ ಭಾಷೆಯ ಬೌದ್ಧ ಗ್ರಂಥವಾದ ಸಾಮಞ್ಞಫಲಸುತ್ತದಲ್ಲಿ ಮಗಧದ ಅರಸ ಅಜಾತಶತ್ರುವು ತಾನು ಕಂಡ ಆರು ಮಂದಿ ಗುರುಗಳ ಮತಗಳನ್ನು ಬುದ್ಧನೆದುರು ಒಂದೊಂದಾಗಿ ಹೇಳುತ್ತಾನೆ. ಆಜೀವಿಕರ ಗುರು ಮಕ್ಖಲಿ ಗೋಸಾಲನಿಗೆ ಎಲ್ಲವೂ ನಿಯತಿ. ಅಜಿತ ಕೇಶಕಂಬಳಿಗೆ ಸತ್ತ ಮೇಲೆ ಏನೂ ಉಳಿಯದು. ನಿಗಂಠ ನಾತಪುತ್ತನಿಗೆ, ಅಂದರೆ ಮಹಾವೀರನಿಗೆ, ಸಂಯಮವೇ ದಾರಿ. ಇಷ್ಟು ಭಿನ್ನರಾದ ಇವರನ್ನು ಒಟ್ಟಿಗೆ ಹಿಡಿಯುವ ಪದ ‘ಶ್ರಮಣ’ ಒಂದೇ. ಅಶೋಕನು ಶ್ರಮಣರನ್ನೂ ಬ್ರಾಹ್ಮಣರನ್ನೂ ಜೊತೆಯಾಗಿ ಹೆಸರಿಸಿ ಗೌರವಿಸಲು ಹೇಳಿದರೆ, ವೈಯಾಕರಣ ಪತಂಜಲಿಯು ಅದೇ ಜೋಡಿಯನ್ನು ಶಾಶ್ವತ ವಿರೋಧಕ್ಕೆ ಉದಾಹರಣೆಯಾಗಿ ಕೊಡುತ್ತಾನೆ. ಇನ್ನು ‘ಶ್ರಮ’ದ ನಂಟು ದೋಷವೇ ಅಲ್ಲ, ಧಾತುವೇ ಅದು.

ಉತ್ತರ 1:
ಹಾಗಾದರೆ ತನ್ನ ಪದದ ಅರ್ಥವನ್ನು ಹಿಗ್ಗಿಸುವ ಹಕ್ಕು ಕನ್ನಡಕ್ಕಿಲ್ಲ ಎಂದಾಯಿತು. ಎಲ್ಲವನ್ನೂ ಸಂಸ್ಕೃತದಿಂದಲೇ ಕಡ ತರುವುದಾದರೆ ಇಲ್ಲಿ ಚರ್ಚೆಯಾದರೂ ಏಕೆ?

ಉತ್ತರ 2:
ಧಾರಾಳವಾಗಿ ಹಿಗ್ಗಿಸಿ, ನಾಳೆ ಅಚ್ಚಾಗುವ ಫಲಕದಲ್ಲಿ ಬೇಡ. ‘ಸವಣ’ವೂ ಕಡವೇ, ತಾವು ಅದಕ್ಕೆ ಅಂಟಿಸಿದ ‘ಪಂಥ’ವೂ ಕಡವೇ. ಪ್ರಶ್ನೆ ಕೇಳಿದವರು ‘ಚಳವಳಿ’ಯನ್ನು ಬಿಡಬೇಕು, ಮರಾಠಿಯಿಂದ ಬಂದದ್ದೆಂಬ ಕಾರಣಕ್ಕಲ್ಲ, ಒಬ್ಬರನ್ನೊಬ್ಬರು ಖಂಡಿಸುತ್ತಿದ್ದವರಿಗೆ ಅದು ಇಲ್ಲದ ಒಗ್ಗಟ್ಟನ್ನು ಹೊರಿಸುತ್ತದೆ ಎಂಬ ಕಾರಣಕ್ಕೆ. ‘ಶ್ರಮಣ ಪಂಥಗಳ ಉದಯ’ ಎಂದಿರಲಿ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ‘ಬೌದ್ಧರು, ಜೈನರು, ಆಜೀವಿಕರು ಮತ್ತು ಇತರರು’ ಎಂದು ಸೇರಿಸಿದರೆ ಕಾರ್ಮಿಕರ ಗೊಂದಲ ಉಳಿಯುವುದಿಲ್ಲ.