ಸಹಾಯ ಬೇಕು: ಲಿವೇಟರ್ ಸ್ಕ್ಯಾಪುಲೇ ಸ್ನಾಯುವನ್ನು ಬೆರಳಲ್ಲಿ ಗುರುತಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾನು ಫಿಸಿಯೋಥೆರಪಿ ಮೊದಲ ವರ್ಷ ಓದುತ್ತಿದ್ದೇನೆ. ಕುತ್ತಿಗೆ, ಬೆನ್ನಿನ ಮೇಲ್ಪದರದ ಸ್ನಾಯು ಟ್ರೆಪೀಜಿಯಸ್ ಅರ್ಥವಾಗಿದೆ, ಭುಜ ಎತ್ತಿಸಿದರೆ ಸಾಕು, ಕೈಗೇ ಸಿಗುತ್ತದೆ. ತೊಡಕು ಅದರ ಕೆಳಗಿನ ಪದರದ್ದು. ಲಿವೇಟರ್ ಸ್ಕ್ಯಾಪುಲೇ ಕುತ್ತಿಗೆಯ ಮೊದಲ 4 ಕಶೇರುಗಳಿಂದ ಇಳಿದು ಹೆಗಲ ಮೂಳೆಯ ಮೇಲಿನ ಒಳಮೂಲೆಗೆ ಸೇರುತ್ತದೆ. ಅದರ ಕೆಳಗೆ ರಾಂಬಾಯ್ಡ್ ಮೈನರ್, ಆಮೇಲೆ ರಾಂಬಾಯ್ಡ್ ಮೇಜರ್ ಸ್ನಾಯುಗಳು. ಇಷ್ಟು ಬಾಯಿಪಾಠ ಆಗಿದೆ. ಆದರೆ ಮುಟ್ಟಿ ನೋಡುವಾಗ ಲಿವೇಟರ್ ಯಾವುದು, ಕುತ್ತಿಗೆಯ ಹಿಂಭಾಗದ ಇನ್ನೊಂದು ಸ್ನಾಯು ಸ್ಪ್ಲೀನಿಯಸ್ ಯಾವುದು ಅಂತ ಗೊತ್ತಾಗುತ್ತಿಲ್ಲ.

ನಿನ್ನೆ ಗೆಳತಿಯ ಕೈಯನ್ನು ಬೆನ್ನ ಹಿಂದೆ ಇಡಿಸಿ, ಭುಜ ಸ್ವಲ್ಪವೇ ಎತ್ತಲು ಹೇಳಿದೆ. ಬೆರಳಡಿ ಹಗ್ಗದಂಥದ್ದೊಂದು ಬಿಗಿಯಾಗಿ, ತಕ್ಷಣ ಜಾರಿತು. ಅದೇ ಲಿವೇಟರ್ ಅಲ್ವಾ? ತಲೆ ತಿರುಗಿಸಿದರೆ ಸ್ಪ್ಲೀನಿಯಸ್ ಬೇರೆಯಾಗಿ ಸಿಗುತ್ತದೆಯೇ? ಸುಮ್ನೆ ಚಿತ್ರ ನೋಡಿ ಕಲಿಯೋಕೆ ಮನಸ್ಸಿಲ್ಲ. ಕೈಯಲ್ಲಿ ಹುಡುಕಿ ಅಭ್ಯಾಸ ಇರುವವರು ದಯವಿಟ್ಟು ಹಂತ ಹಂತವಾಗಿ ತಿಳಿಸಿಕೊಡಿ.