ಡೇ ಲಿಲ್ಲಿ ತಿನ್ನುವ ಮೊದಲು ಬುಡ ನೋಡಿ

ನರ್ಸರಿಯಿಂದ ತಂದ ಡೇ ಲಿಲ್ಲಿ ಮೊಗ್ಗು ಬಿಟ್ಟಿದೆ, ಅದರ ಪಲ್ಯ ಮಾಡುವುದನ್ನು ಮೊಬೈಲಿನಲ್ಲಿ ನೋಡಿದೆ, ಆದರೆ ಲಿಲ್ಲಿಯೆಲ್ಲ ವಿಷವೆಂದು ಅತ್ತೆಯವರು ಹೆದರುತ್ತಿದ್ದಾರೆ, ಮಕ್ಕಳಿಗೆ ಕೊಡಬಹುದೇ ಎಂದು ನಮ್ಮ ತಮ್ಮನ ಸೊಸೆ ಬೆಳಿಗ್ಗೆ ಗುಂಪಿನಲ್ಲಿ ಕೇಳಿದ್ದಾಳೆ. ನೋಡಮ್ಮ, ನಿನ್ನ ಅತ್ತೆ ಸುಮ್ಮನೆ ಹೆದರುವವಳಲ್ಲ. ನಿನ್ನ ಮಾವನಿಗೆ ಚಿಕ್ಕಂದಿನಲ್ಲಿ ಆದದ್ದನ್ನು ಅವಳು ಕೇಳಿ ಬಲ್ಲಳು. ನಾನು ಕಣ್ಣಾರೆ ಕಂಡವಳು.

ಆಗ ಅವನಿನ್ನೂ ಶಾಲೆಗೆ ಹೋಗುವ ಹುಡುಗ. ಮುಂಗಾರು ಹಿಡಿಯುವ ಹೊತ್ತಿನಲ್ಲಿ ಕೆಳಗಿನ ತೋಟದ ಬೇಲಿಯ ಬುಡದಲ್ಲಿ ಸಿಕ್ಕಿದ ಗಡ್ಡೆಯನ್ನು ಕಾಡುಗೆಣಸೆಂದು ತಿಳಿದು, ಬಚ್ಚಲೊಲೆಯ ಕೆಂಡದಲ್ಲಿ ಸುಟ್ಟು, ಯಾರಿಗೂ ಹೇಳದೆ ತಿಂದುಬಿಟ್ಟ. ಅದು ಗೌರಿ ಹೂವಿನ ಬಳ್ಳಿಯ ಗಡ್ಡೆಯಾಗಿತ್ತು. ಭಾದ್ರಪದದಲ್ಲಿ ನಾವು ಗೌರಿಗೆ ಏರಿಸುವ ಅದೇ ಕೆಂಪು ಹಳದಿ ಹೂವು. ಅದರೊಳಗಿನ ಕಾಲ್ಚಿಸಿನ್ ಎಂಬ ವಿಷವು ಸುಟ್ಟರೂ ಬೇಯಿಸಿದರೂ ಹೋಗುವುದಿಲ್ಲ. ಹುಣಸೆಹುಳಿ ಹಾಕಿದರೆ ಕೆಸುವಿನ ತುರಿಕೆ ಕಳೆಯುವಂತೆ ಕಳೆಯುವ ವಿಷವಲ್ಲ ಅದು. ರಾತ್ರಿಯ ಹೊತ್ತಿಗೆ ವಾಂತಿ ಭೇದಿ ಹಿಡಿದು ಹುಡುಗ ಸೊರಗಿಹೋದ. ಸುರಿಯುವ ಮಳೆಯಲ್ಲಿ ಮೂಡಿಗೆರೆಯಿಂದ ಬೇಲೂರು ದಾರಿಯಾಗಿ ಹಾಸನಕ್ಕೆ ಜೀಪಿನಲ್ಲಿ ಕರೆದೊಯ್ಯುವಾಗ ಅವನ ತಲೆ ನನ್ನ ತೊಡೆಯ ಮೇಲಿತ್ತು. ಬದುಕಿ ಮನೆಗೆ ಬಂದ. ಇನ್ನೇನು ಎಲ್ಲ ಸರಿಹೋಯಿತು ಎನ್ನುವಾಗ ತಲೆಗೂದಲು ಹಿಡಿ ಹಿಡಿಯಾಗಿ ಉದುರತೊಡಗಿತು. ಕೂದಲು ಮತ್ತೆ ಬರುವವರೆಗೂ ಅವ್ವ ಸರಿಯಾಗಿ ಉಣ್ಣಲಿಲ್ಲ.

ಆದ್ದರಿಂದಲೇ ಹೇಳುತ್ತೇನೆ, ಬುಡ ನೋಡಿ ಗುರುತು ಹಿಡಿಯದ ಯಾವ ಗಿಡವನ್ನೂ ಬಾಯಿಗಿಡಬೇಡಿ. ಡೇ ಲಿಲ್ಲಿಯ ಬುಡದಲ್ಲಿ ಈರುಳ್ಳಿಯಂಥ ಗಡ್ಡೆ ಇರುವುದಿಲ್ಲ. ದಪ್ಪ ಬೇರುಗಳ ಗೊಂಚಲಿರುತ್ತದೆ, ಅಲ್ಲಲ್ಲಿ ಉಬ್ಬಿರುತ್ತದೆ. ಉದ್ದನೆಯ ಎಲೆಗಳೆಲ್ಲ ನೆಲದಿಂದಲೇ ಎರಡು ಸಾಲಾಗಿ ಏಳುತ್ತವೆ. ಹೂವಿನ ದಂಟಿನ ತುದಿ ಕವಲೊಡೆದು, ಮೊಗ್ಗುಗಳು ಒಂದರ ನಂತರ ಒಂದು ಅರಳುತ್ತವೆ. ಒಂದು ಹೂವಿಗೆ ಒಂದೇ ದಿನ. ಬುಡದಲ್ಲಿ ಈರುಳ್ಳಿಯಂಥ ಗಡ್ಡೆಯಿದ್ದು, ಟೊಳ್ಳು ದಂಟಿನ ತುದಿಯ ಒಂದೇ ಬಿಂದುವಿನಿಂದ ದೊಡ್ಡ ಹೂಗಳು ಹೊರಟಿದ್ದರೆ ಅದು ಅಮರಿಲ್ಲಿಸ್, ವಿಷದ ಗಿಡ. ದಂಟಿನುದ್ದಕ್ಕೂ ಎಲೆಗಳಿದ್ದರೆ ಅದು ಬೇರೆ ಲಿಲ್ಲಿ, ಅದೂ ಬೇಡ. ಇನ್ನೊಮ್ಮೆ ಹೇಳುತ್ತೇನೆ, ಬುಡ ನೋಡದೆ ಬಾಯಿಗಿಡಬೇಡಿ.

ನರ್ಸರಿಯವರು ಇವೆಲ್ಲಕ್ಕೂ ಲಿಲ್ಲಿ ಎಂದು ಒಂದೇ ಚೀಟಿ ಅಂಟಿಸುತ್ತಾರೆ. ಅವ್ವ ನೆಟ್ಟ ಕಿತ್ತಳೆ ಬಣ್ಣದ ಡೇ ಲಿಲ್ಲಿಯ ಪೊದೆ ನನ್ನ ಅಂಗಳದಲ್ಲಿ ಇಂದಿಗೂ ಇದೆ. ಮಳೆ ಶುರುವಾದಾಗ ಸೀಳಿ ಕೊಡುತ್ತೇನೆ, ಅರ್ಧ ದಿನ ಬಿಸಿಲು ಬೀಳುವ, ನೀರು ನಿಲ್ಲದ ಜಾಗದಲ್ಲಿ ನೆಟ್ಟರೆ ತಾನೇ ಹಬ್ಬುತ್ತದೆ ಎಂದು ಪ್ರತಿ ವರ್ಷವೂ ಕರೆಯುತ್ತೇನೆ. ಹಬ್ಬಕ್ಕೆ ಬಂದವರು ಊಟ ಮಾಡಿ, ಟೀವಿ ನೋಡಿ, ಅಂಗಳಕ್ಕೆ ಇಳಿಯದೆ ಹೊರಟುಹೋಗುತ್ತೀರಿ. ಆಮೇಲೆ ಅದೇ ಗಿಡಕ್ಕೆ ಪೇಟೆಯಲ್ಲಿ ದುಡ್ಡು ಕೊಡುತ್ತೀರಿ. ಅವ್ವನ ಕೈಯ ಗಿಡ ಯಾರಿಗೂ ಬೇಡವಾಯಿತಲ್ಲ ಎಂದು ನನಗೆ ನಿಜವಾಗಿಯೂ ನೋವಾಗುತ್ತದೆ.

ನೀನು ಕೇಳಿದ್ದು ಪಲ್ಯದ ವಿಷಯ. ಡೇ ಲಿಲ್ಲಿಯ ಮೊಗ್ಗನ್ನು ತಿನ್ನಬಹುದು. ಚೀನಾದವರು ಒಣಗಿಸಿಟ್ಟುಕೊಂಡು ಸಾರಿಗೂ ಹಾಕುತ್ತಾರೆ. ಆದರೆ ನರ್ಸರಿಯ ಕುಂಡಕ್ಕೆ ಏನೇನು ಔಷಧಿ ಹಾಕಿರುತ್ತಾರೋ, ಈ ವರ್ಷದ ಮೊಗ್ಗು ಬೇಡ. ಮುಂದಿನ ವರ್ಷ, ತೋಟದ ಕಳೆನಾಶಕ ತಾಗದ ಕಡೆ ಬೆಳೆದದ್ದಾದರೆ, ನಾಳೆ ಅರಳಲಿರುವ ಬಿಗಿ ಮೊಗ್ಗನ್ನು ಕೊಯ್ದು, ತೊಳೆದು, ಬೇಯಿಸಿ, ಸಾಸಿವೆ ಒಗ್ಗರಣೆ ಕೊಟ್ಟು ಕಾಯಿತುರಿ ಹಾಕು. ಕೆಲವರಿಗೆ ಹೊಟ್ಟೆ ಕೆಡುವುದರಿಂದ ಮೊದಲ ಸಲ ದೊಡ್ಡವರು ಒಂದೆರಡು ಮೊಗ್ಗನ್ನಷ್ಟೇ ತಿಂದು ನೋಡಿ, ಮಕ್ಕಳಿಗೆ ಆಮೇಲೆ. ಬೇರನ್ನೂ ತಿನ್ನಬಹುದೆಂದು ಮೊಬೈಲಿನಲ್ಲಿ ತೋರಿಸಿದರೂ ನಮ್ಮ ಮನೆಯಲ್ಲಿ ಅದು ಬೇಡ.

ನಿಮ್ಮ ಮನೆಯಲ್ಲಿ ಬೆಕ್ಕಿದೆಯಲ್ಲ, ಡೇ ಲಿಲ್ಲಿ ನಮಗೆ ಆಹಾರವಾದರೂ ಬೆಕ್ಕಿಗೆ ವಿಷ. ಎಲೆಯನ್ನೋ ಹೂವನ್ನೋ ಸ್ವಲ್ಪ ಜಗಿದರೂ ಅದರ ಮೂತ್ರಪಿಂಡ ಕೆಡುತ್ತದೆ. ಕುಂಡವನ್ನು ಇಂದೇ ಅದಕ್ಕೆ ಸಿಗದ ಕಡೆ ಇಡು, ಜಗಿದದ್ದು ಕಂಡರೆ ಲಕ್ಷಣಕ್ಕೆ ಕಾಯದೆ ಪಶುವೈದ್ಯರ ಬಳಿಗೆ ಒಯ್ಯಿ, ಮತ್ತು ಸಂಜೆಯೊಳಗೆ ಗಿಡದ ಬುಡದ ಫೋಟೋವೊಂದನ್ನು ನನಗೆ ಕಳುಹಿಸು.